ಐವತ್ತು ತೋಟೆ, ಒಂದು ಡ್ರಮ್ಮು

ತಪ್ಪು ನನ್ನದು. ಇದನ್ನು ಕೊನೆಗೆ ಹೇಳಿದರೆ ಬರಹಕ್ಕೆ ಕಳೆ ಬರುತ್ತದೆ ಅಂತ ನನಗೂ ಗೊತ್ತು. ಆದರೆ ಆಮೇಲೆ ಹೇಳಿದರಾಯಿತು, ಆಮೇಲೆ ಹೇಳಿದರಾಯಿತು ಅಂತ ಮುಂದೂಡಿಯೇ ನಾನು ಆ ವರ್ಷ ಕೆಟ್ಟದ್ದು. ಹಾಗಾಗಿ ಮೊದಲಿಗೇ ಒಪ್ಪಿಕೊಳ್ಳುತ್ತೇನೆ. ಒಂದಿಡೀ ಗದ್ದೆಬಯಲಿನ ಬೆಳೆ ಕಾಯಲಿ ಅಂತ ಸರ್ಕಾರ ನಮ್ಮ ಚಿಕ್ಕಪ್ಪನಿಗೆ ವರ್ಷಕ್ಕೆ ಕೊಡುತ್ತಿದ್ದ ಐವತ್ತು ಕೋವಿ ತೋಟೆಗಳಲ್ಲಿ ನಲವತ್ನಾಲ್ಕನ್ನು ಕಲ್ಲಿಗೆ ಹೊಡೆದು ಖಾಲಿ ಮಾಡಿದವನು ನಾನು. ಆ ಕಲ್ಲು ನಮಗೆ ಯಾವ ತೊಂದರೆಯನ್ನೂ ಕೊಟ್ಟಿರಲಿಲ್ಲ.

ಮೊನ್ನೆ ಕೊಪ್ಪದಲ್ಲಿ ಪ್ಯಾಂಟಿನ ಅಳತೆ ಕೊಡಲು ಟೈಲರ್ ಅಂಗಡಿಗೆ ಹೋಗಿದ್ದೆ. ಒಳಗೆ ಹುಡುಗಿಯೊಬ್ಬಳು ಹೊಲಿಗೆ ಮೆಷಿನ್ನಿಗೆ ಎಣ್ಣೆ ಬಿಡುತ್ತಿದ್ದಳು. ಆ ತೆಳು ಎಣ್ಣೆಯ ವಾಸನೆ ಮೂಗಿಗೆ ಬಡಿದದ್ದೇ ಉಸಿರು ಕಟ್ಟಿದಂತಾಯಿತು. "ಉಸಿರು ಬಿಡಿ ಮಾರಾಯ್ರೆ, ಹೊಟ್ಟೆ ಒಳಗೆ ಎಳ್ಕೊಂಡ್ರೆ ಸೊಂಟ ಅಳೆಯೋದು ಹ್ಯಾಗೆ?" ಅಂದ ಟೈಲರ್. ಅವನ ಧ್ವನಿ ಚೆನ್ನಾಗಿತ್ತು, ಮೂಗಿನಿಂದ ಅರ್ಧ, ಬಾಯಲ್ಲಿ ಕಚ್ಚಿದ ಗುಂಡುಸೂಜಿಯ ಸಂದಿಯಿಂದ ಅರ್ಧ. ಬೇರೆ ದಿನವಾಗಿದ್ದರೆ ಅಲ್ಲೇ ಅವನಿಗೆ ಅವನ ಧ್ವನಿಯನ್ನೇ ಮಾಡಿ ತೋರಿಸುತ್ತಿದ್ದೆ. ಅವತ್ತು ಸುಮ್ಮನೆ ಅಳತೆ ಕೊಟ್ಟು ಬಂದೆ. ಕೋವಿಗೆ ಹಾಕಬೇಕಿದ್ದದ್ದು ಅದೇ ಎಣ್ಣೆ.

ನಮ್ಮ ಮನೆ ನರಸಿಂಹರಾಜಪುರದಲ್ಲಿ. ಆಗ ನನಗೆ ಇಪ್ಪತ್ತೆರಡು. ಡಿಗ್ರಿಯಲ್ಲಿ ಒಂದು ಸಬ್ಜೆಕ್ಟು ನನ್ನನ್ನು ಬಿಡಲು ಒಪ್ಪದೆ ಹಿಡಿದುಕೊಂಡಿತ್ತು. ನನಗೆ ಬರುತ್ತಿದ್ದ ವಿದ್ಯೆ ಒಂದೇ, ಬೇರೆಯವರ ಹಾಗೆ ಮಾತಾಡುವುದು. ಪ್ರಿನ್ಸಿಪಾಲರ ಕೆಮ್ಮು, ಕಂಡಕ್ಟರನ "ಬಾಳೊನ್ನೂರ್ ಬಾಳೊನ್ನೂರ್ ಬಾಳೊನ್ನೂರ್", ಪಕ್ಕದ ಮನೆಯವರ ಕುಕ್ಕರ್ರು, ಎಲ್ಲವೂ. ಒಮ್ಮೆ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತು ಕಂಡಕ್ಟರನ ಸೀಟಿ ಊದಿದ್ದಕ್ಕೆ ಡ್ರೈವರ್ ಕಾಡಿನ ನಡುವೆ ಬಸ್ಸು ನಿಲ್ಲಿಸಿದ್ದ. ಇಬ್ಬರು ಇಳಿದೂ ಬಿಟ್ಟಿದ್ದರು. "ಇವನ ಸ್ವಂತ ಗಂಟಲು ಯಾವುದು ಅಂತ ನಂಗೇ ಮರ್ತು ಹೋಗಿದೆ" ಎನ್ನುತ್ತಿದ್ದಳು ಅಮ್ಮ. ಅಪ್ಪ ಅಷ್ಟು ಮೆತ್ತಗೆ ಹೇಳುವವರಲ್ಲ. ಒಂದು ಬೆಳಿಗ್ಗೆ ಬ್ಯಾಗು ಕಟ್ಟಿಸಿ, ಶೃಂಗೇರಿ ತಾಲ್ಲೂಕು ಅಡ್ಡಗದ್ದೆಯ ಕಡೆ ಬೇಸಾಯ ಮಾಡಿಕೊಂಡಿದ್ದ ತಮ್ಮನ ಮನೆಗೆ ನನ್ನನ್ನು ಅಟ್ಟಿದರು.

ಚಿಕ್ಕಪ್ಪ ದೇವಪ್ಪ ಗೌಡರು ನನಗೆ ತದ್ವಿರುದ್ಧ. ಇಡೀ ದಿನಕ್ಕೆ ಅವರು ಬಳಸುವ ಮಾತು ನನ್ನ ಒಂದು ಕಾಫಿಗೆ ಸಾಲದು. ಹೆಚ್ಚಿನ ವ್ಯವಹಾರ "ಹ್ಞಂ" ಎಂಬುದರಲ್ಲೇ ಮುಗಿಯುತ್ತಿತ್ತು. ಅದರಲ್ಲಿ ನಾಲ್ಕು ಬಗೆಯಿತ್ತು, ನಾಲ್ಕನ್ನೂ ನಾನು ಒಂದು ವಾರದಲ್ಲಿ ಕಲಿತೆ. ಹಿಂದಿನ ವರ್ಷ ಗದ್ದೆಯ ಅಂಚಿನಲ್ಲಿ ಜಾರಿ ಬಿದ್ದು ಅವರ ಬಲಭುಜ ಮುರಿದಿತ್ತು. ಮನೆಯಲ್ಲಿದ್ದ ಜೋಡಿ ನಳಿಗೆಯ ಹಳೇ ಕೋವಿ ಹೊಡೆದರೆ ಭುಜಕ್ಕೆ ಒದೆಯುತ್ತಿತ್ತು. ಒದೆತ ಕಡಿಮೆ, ಒಂದು ಹೊಡೆದರೆ ಖಾಲಿ ತೋಟೆಯನ್ನು ತಾನೇ ಉಗುಳಿ ಇನ್ನೊಂದನ್ನು ತಾನೇ ತುಂಬಿಕೊಳ್ಳುತ್ತದೆ ಎಂದು ಯಾರೋ ಹೇಳಿದ್ದರಿಂದ ಸೆಮಿ ಆಟೋಮ್ಯಾಟಿಕ್ ಕೋವಿಗೆ ಅರ್ಜಿ ಹಾಕಿದ್ದರು. ಕಣ್ಣಿಗೂ ಪೊರೆ ಬರತೊಡಗಿತ್ತು. ಹಾಗಾಗಿ ಲೈಸೆನ್ಸಿನಲ್ಲಿ ಅವರ ಜೊತೆಗೆ ಕೋವಿ ಹಿಡಿಯುವವನೆಂದು ನನ್ನ ಹೆಸರನ್ನೂ ಸೇರಿಸಿದರು. ನಮ್ಮ ಕಾಡುಗಳಲ್ಲಿ ಪೊಲೀಸರ ಓಡಾಟ ಜಾಸ್ತಿಯಿದ್ದ ವರ್ಷಗಳವು. ಒಂದೊಂದು ತೋಟೆಗೂ ಎರಡೆರಡು ಸಲ ವಿವರಣೆ ಕೊಡಬೇಕಿತ್ತು. ವರ್ಷಕ್ಕೆ ಐವತ್ತು ಎಂದರೆ ಐವತ್ತು, ಐವತ್ತೊಂದನೆಯದು ಬೇಕಾದರೆ ಮುಂದಿನ ವರ್ಷ.

ಆ ಐವತ್ತಕ್ಕೆ ಊರಿನಲ್ಲಿ ಏನು ಬೆಲೆ ಅಂತ ಹೇಳಬೇಕು. ಚಿಕ್ಕಪ್ಪನ ಮನೆಯ ಕೆಳಗೆ ಏಳು ಮನೆಯವರ ಗದ್ದೆಗಳು ಒಂದರ ಕೆಳಗೊಂದು ಕಾಡಿನ ಬುಡದವರೆಗೆ ಹೋಗುತ್ತವೆ. ಭತ್ತದ ತೆನೆ ಹಾಲುಗಟ್ಟಿತೋ ಹಂದಿಗಳಿಗೆ ವಾಸನೆ ಹತ್ತುತ್ತದೆ. ಅಲ್ಲಿಂದ ಕೊಯ್ಲಿನವರೆಗೆ, ದಿನ ಬಿಟ್ಟು ದಿನ, ಹೊತ್ತು ಮುಳುಗುವಾಗ ಕೋವಿ ಇರುವ ಮನೆಯವರು ದಿಬ್ಬದ ಮೇಲೆ ನಿಂತು ಆಕಾಶಕ್ಕೆ ಒಂದು ಈಡು ಹೊಡೆಯಬೇಕು. ಹಂದಿ ಕೊಲ್ಲುವುದಕ್ಕಲ್ಲ, ಅದು ಕಾನೂನಿಗೆ ಹೊರಗು. ಆ ಸದ್ದಿಗೆ, ಮದ್ದಿನ ವಾಸನೆಗೆ ಹಂದಿಗಳು ಒಂದೆರಡು ರಾತ್ರಿ ಈ ಕಡೆ ಮೂತಿ ಹಾಕುವುದಿಲ್ಲ. ಈಡು ಕೇಳಿದ ಮೇಲೆ ಗದ್ದೆಯವರು ತಮ್ಮ ತಮ್ಮ ಅಂಗಳದಿಂದ ಒಂದು "ಕೂ" ಹಾಕುತ್ತಾರೆ, ಕೇಳಿತು ಎಂದು. ಅವತ್ತೂ ಮರುದಿನವೂ ಯಾರೂ ಮಾಳಕ್ಕೆ, ಅಂದರೆ ಗದ್ದೆಯಂಚಿನ ಕಾವಲು ಗುಡಿಸಲಿಗೆ, ಹೋಗಬೇಕಾಗಿಲ್ಲ. ಈಡು ಕೇಳದಿದ್ದರೆ ಕಂಬಳಿ, ಡಬ್ಬ, ಕೋಲು ಹಿಡಿದು ಹೋಗಿ ಬೆಳಗಿನವರೆಗೆ ಬಡಿಯುತ್ತ ಕೂರಬೇಕು. ಇದು ಬರೆದಿಟ್ಟ ನಿಯಮವಲ್ಲ, ಆದರೆ ಆ ಬಯಲಿನಲ್ಲಿ ಅದನ್ನು ಮೀರಿದವರಿರಲಿಲ್ಲ. ನಾನು ಬರುವವರೆಗೆ.

ಶ್ರಾವಣದಲ್ಲಿ ಲೈಸೆನ್ಸು ಬಂತು. ಶಿವಮೊಗ್ಗಕ್ಕೆ ಹೋಗಿ ಹಳೇದನ್ನು ಅಂಗಡಿಗೆ ಕೊಟ್ಟು ಹೊಸ ಕೋವಿ ತಂದೆವು. ಅಂಗಡಿಯ ಯಜಮಾನರು ದಪ್ಪ ಕನ್ನಡಕದ ವಯಸ್ಸಾದವರು. ಮಾತಿಗೊಮ್ಮೆ ಹೆಬ್ಬೆರಳನ್ನು ನಾಲಿಗೆಗೆ ತಾಗಿಸುವರು, ವಾಕ್ಯದ ಕೊನೆಯಲ್ಲಿ "ಅರ್ಥಾಯ್ತಲ್ಲ?" ಎಂದು ರಾಗ ಎಳೆಯುವರು. "ನೋಡಿ ಗೌಡ್ರೆ, ಹೊಸಾ ಎತ್ತು ಇದ್ದಂಗೆ ಇದು. ಪಳಗಿಸ್ಬೇಕು, ಅರ್ಥಾಯ್ತಲ್ಲ? ಮೊದ್ಲು ಬಿಚ್ಚಿ ಒಳಗಿನ ಫ್ಯಾಕ್ಟ್ರಿ ಗ್ರೀಸನ್ನ ಸೀಮೆಎಣ್ಣೇಲಿ ಒರೆಸಿ ತೆಗೀರಿ. ಹೊಲಿಗೆ ಮೆಷಿನ್ ಎಣ್ಣೆ ಎರಡು ಹನಿ ಬಿಡಿ. ಆಮೇಲೆ ಇಪ್ಪತ್ತೈದು ಜೋರು ತೋಟೆ ಹೊಡೀರಿ. ಸ್ಪ್ರಿಂಗು ಸಡಿಲಾಗ್ತದೆ. ಆಮೇಲೆ ಇದು ನಿಮ್ಮ ಮಾತು ಮೀರಿದ್ರೆ ನನ್ನ ಕೇಳಿ, ಅರ್ಥಾಯ್ತಲ್ಲ?"

ನನಗೆ ಎಲ್ಲವೂ ಅರ್ಥವಾಗಿತ್ತು. ಹೆಬ್ಬೆರಳು ಯಾವ ಕೋನದಲ್ಲಿ ಏರುತ್ತದೆ, "ಗ್ರೀಸು" ಎನ್ನುವಾಗ ಹಲ್ಲಿನ ಸಂದಿಯಲ್ಲಿ ಎಷ್ಟು ಗಾಳಿ ಹೋಗುತ್ತದೆ, ರಾಗ ಎಲ್ಲಿ ಮೇಲಕ್ಕೆ ತಿರುಗುತ್ತದೆ. ವಾಪಸು ಬಸ್ಸಿನಲ್ಲಿ ಕೊಪ್ಪ ದಾಟುವಷ್ಟರಲ್ಲಿ ಅವರು ಪೂರ್ತಿ ನನ್ನೊಳಗಿದ್ದರು. ಚಿಕ್ಕಪ್ಪನ ಎದುರು ಮಾಡಿ ತೋರಿಸಿದೆ. "ಹ್ಞಂ" ಅಂದರು, ಮೂರನೇ ಬಗೆಯದು. ಅದು ಅವರ ನಗು.

ಮನೆಯಿಂದ ಅರ್ಧ ಮೈಲಿಯಾಚೆ ಜಂಬಿಟ್ಟಿಗೆ ಕಲ್ಲು ಕಡಿದು ಬಿಟ್ಟುಹೋದ ಕೋರೆಯೊಂದಿತ್ತು. ಮೂರು ಕಡೆ ಕೆಂಪು ಕಲ್ಲಿನ ಗೋಡೆ, ತಳದಲ್ಲಿ ಮಳೆನೀರು. ಅಲ್ಲಿ ಹೊಡೆದರೆ ತೋಟೆಯೊಳಗಿನ ಚರೆ ಎಲ್ಲಿಗೂ ಹಾರುವುದಿಲ್ಲ. ಮೊದಲ ಭಾನುವಾರ ಜಿನುಗುವ ಮಳೆಯಲ್ಲಿ ತಲೆಗೆ ಹೊದ್ದ ಎಲೆಯ ಗೊರಬೆಯಡಿ ಕೋವಿ ಇಟ್ಟುಕೊಂಡು ಹೋದೆ. ಮೊದಲ ಈಡು. ಭುಜಕ್ಕೆ ಒದೆತ ಬಿತ್ತು, ಹಳೇ ಕೋವಿಯಷ್ಟಲ್ಲ. ಆಮೇಲೆ ಮದ್ದಿನ ವಾಸನೆ, ಆ ವಾಸನೆಗೆ ಮನುಷ್ಯ ಒಂದು ಇಂಚು ಎತ್ತರವಾಗುತ್ತಾನೆ. ಎರಡನೇ ಈಡೂ ಸರಿಯಾಯಿತು. ಮೂರನೆಯದಕ್ಕೆ ಖಾಲಿ ತೋಟೆ ಹೊರಗೆ ಹಾರದೆ ಕೋವಿಯ ಬಾಯಲ್ಲೇ ಅಡ್ಡ ಸಿಕ್ಕಿಕೊಂಡಿತು, ಅಡಿಕೆ ಹೋಳು ಹಲ್ಲಿಗೆ ಸಿಕ್ಕಿದ ಹಾಗೆ.

ಸದ್ದು ಕೇಳಿ ಊರಿನ ಹುಡುಗರು ಬಂದರು. ಅಲ್ಲಿಗೆ ಪಳಗಿಸುವುದು ಮುಗಿಯಿತು, ನಾಟಕ ಶುರುವಾಯಿತು. ಭಾನುವಾರದ ಮಧ್ಯಾಹ್ನ ಕೋರೆಯ ಅಂಚಿನಲ್ಲಿ ಹತ್ತು ಹದಿನೈದು ಜನ ಕೊಡೆ ಹಿಡಿದು ನಿಲ್ಲುವರು. ಮೊದಲು ಶಿವಮೊಗ್ಗದ ಯಜಮಾನರ ಉಪದೇಶ, ಹೆಬ್ಬೆರಳು ಸಮೇತ. ಆಮೇಲೆ ಅಜ್ಜನ ಕಾಲದ ಕೇಪಿನ ಕೋವಿ: ಕುದುರೆ ಎಳೆದು, ಫುಸ್ ಅಂದು, ಬೀಡಿ ಹಚ್ಚಿ, ಎರಡು ಮಾತಾಡಿ, ಮರೆತು ತಿರುಗುವಷ್ಟರಲ್ಲಿ ಧೊಂ. ಕೊನೆಗೆ ನಿಜವಾದ ಈಡು. ಎರಡು ಹೊಡೆಯುವುದು, ಮೂರನೆಯದಕ್ಕೆ ಸಿಕ್ಕಿಕೊಳ್ಳುವುದು. ಅವಮಾನವಾಗಬಾರದೆಂದು ಅದನ್ನೂ ಆಟದೊಳಗೆ ಸೇರಿಸಿದೆ. "ಕೋವಿಗೆ ಶೀತ ಆಗಿದೆ ಮಾರಾಯ್ರೆ" ಅಂತ ಅದರ ಕೆಮ್ಮು ಮಾಡುವೆ. ಜನ ಬಿದ್ದು ಬಿದ್ದು ನಗುವರು. "ಇನ್ನೊಂದ್ ಸಲಾ, ಇನ್ನೊಂದ್ ಸಲಾ!" ಇನ್ನೊಂದು ಸಲ ಎಂದರೆ ಇನ್ನೂ ಮೂರು ತೋಟೆ.

ಇಪ್ಪತ್ತೈದು ದಾಟಿದ ದಿನ ನನಗೆ ಗೊತ್ತಿತ್ತು. ಲೆಕ್ಕ ತಪ್ಪಿತು ಅಂತ ಹೇಳಲಾರೆ. ಇನ್ನೂ ಸಿಕ್ಕಿಕೊಳ್ಳುತ್ತಿದೆಯಲ್ಲ, ಪಳಗದ ಕೋವಿಯನ್ನು ಕೊಯ್ಲಿಗೆ ಕೊಟ್ಟರೆ ಹೇಗೆ, ಊರಿನ ಒಳ್ಳೆಯದಕ್ಕೇ ಹೊಡೆಯುತ್ತಿದ್ದೇನೆ ಎಂದು ನನಗೆ ನಾನೇ ವಾದಿಸಿದೆ. ವಾದಿಸುವಾಗಲೂ ಶೃಂಗೇರಿ ಕಡೆಯ ಒಬ್ಬ ಲಾಯರನ ಧ್ವನಿ ಹಾಕಿಕೊಂಡಿದ್ದೆ.

"ಪಳಗ್ತನಾ?" ಒಂದು ಸಂಜೆ ಚಿಕ್ಕಪ್ಪ ಕೇಳಿದರು.

"ಪಳಗ್ತಾ ಬಂತು ಚಿಕ್ಕಪ್ಪ."

"ಎಷ್ಟಾಯ್ತು?"

"ಇಪ್ಪತ್ತಾಗಿರ್ಬಹುದು."

ಮೂವತ್ತೆಂಟಾಗಿತ್ತು. ಅವತ್ತೇ ಖಾಲಿ ತೋಟೆಗಳನ್ನು ಬಾಯಿ ಕೆಳಗಾಗಿ ಪೆಟ್ಟಿಗೆಯಲ್ಲಿ ಜೋಡಿಸಿದೆ. ಮೇಲಿನಿಂದ ನೋಡಿದರೆ ಸಾಲಾಗಿ ಹಿತ್ತಾಳೆಯ ಬಿಲ್ಲೆಗಳು, ಹೊಡೆದ ತೋಟೆಗೆ ನಡುವಿನಲ್ಲಿ ಒಂದು ಸಣ್ಣ ಗುಳಿ ಇರುತ್ತದೆ, ಅಷ್ಟೇ. ಪೊರೆ ಬಂದ ಕಣ್ಣಿಗೆ ಆ ಗುಳಿ ಕಾಣುವುದಿಲ್ಲ. ಇದನ್ನು ಬರೆಯುವಾಗ ಈಗಲೂ ಬೆರಳು ನಿಲ್ಲುತ್ತದೆ. ಅಲ್ಲಿಯವರೆಗಿನದು ಮಂಗಾಟ. ಒಬ್ಬರ ಕುರುಡನ್ನು ಅಳೆದು ನೋಡಿ ಮಾಡಿದ್ದು ಇದೊಂದೇ.

ದೀಪಾವಳಿ ಮುಗಿದ ಮೇಲೆ ಚಿಕ್ಕಪ್ಪ ಕಣ್ಣಿನ ಆಪರೇಷನ್ನಿಗೆ ಶಿವಮೊಗ್ಗದಲ್ಲಿದ್ದ ಮಗಳ ಮನೆಗೆ ಹೊರಟರು. ಬಸ್ ಸ್ಟಾಪಿನಲ್ಲಿ ಅವರು ಅಷ್ಟುದ್ದ ಮಾತಾಡಿದ್ದನ್ನು ನಾನು ಮೊದಲ ಸಲ ಕೇಳಿದೆ. "ಬೇರೆ ಎಂತದೂ ಮಾಡ್ದಿದ್ರೂ ಅಡ್ಡಿಲ್ಲ ಕಣಾ. ಸಂಜೆ ಈಡು ತಪ್ಪಿಸ್ಬ್ಯಾಡ. ಗಿರಿಜನ ಗದ್ದೆ ಕಾಡಿಗೆ ತಾಗಿದೆ."

ಗಿರಿಜಕ್ಕ ಬಯಲಿನ ಕಟ್ಟಕಡೆಯ ಗದ್ದೆಯವರು. ಗಂಡ ಬಾಳೆಹೊನ್ನೂರಿನ ಆಚೆ ಎಸ್ಟೇಟಿನಲ್ಲಿ ರೈಟರು, ತಿಂಗಳಿಗೊಮ್ಮೆ ಬರುವವರು. ಎಲ್ಲರೂ ಹೊಸ ತಳಿ ಹಾಕಿದರೂ ಗಿರಿಜಕ್ಕ ಮಾತ್ರ ಅರ್ಧ ಎಕರೆಗೆ ಹಳೇ ಕೆಂಪಕ್ಕಿಯ ಭತ್ತ ಹಾಕುವರು. ಅದರ ಬೀಜ ಆ ಸುತ್ತಿನಲ್ಲಿ ಇದ್ದದ್ದು ಅವರ ಮನೆಯಲ್ಲಿ ಹುಲ್ಲು ಸುತ್ತಿ ಕಟ್ಟಿಟ್ಟ ಒಂದೇ ಮುಡಿಯಲ್ಲಿ. ಆ ವಾರ ದಾರಿಯಲ್ಲಿ ಸಿಕ್ಕಿ ನನ್ನ ಕೈಗೆ ಎರಡು ಮಗೆಕಾಯಿ ತುರುಕಿ, "ಮಗಳು ಬಾಣಂತನಕ್ಕೆ ಬತ್ತಾಳೆ ಮಾರಾಯ. ಅವ್ಳಿಗೆ ಈ ಅಕ್ಕಿ ಗಂಜಿನೇ ಆಗ್ಬೇಕು. ಅದಕ್ಕೇ ಈ ಸಲ ಮೂಲೆನೂ ಬಿಡ್ದೆ ನೆಟ್ಟಿದೀನಿ" ಅಂದರು. ನಾನು ಅವರ ಮಗಳ ಹಾಗೆ "ಅಮ್ಮಾ, ಗಂಜಿ ಸಾಕೇ" ಅಂದೆ. ಬೆನ್ನಿಗೊಂದು ಗುದ್ದಿ ನಗುತ್ತ ಹೋದರು.

ಅವತ್ತು ಸಂಜೆ ಅಡುಗೆಮನೆಯ ಬಾಗಿಲಲ್ಲಿ ನಿಂತು ಚಿಕ್ಕಮ್ಮನಿಗೆ ಶಿವಮೊಗ್ಗದ ಯಜಮಾನರನ್ನು ಮಾಡಿ ತೋರಿಸುತ್ತಿದ್ದೆ, ಎಷ್ಟನೇ ಸಲವೋ. "ಮೊದ್ಲು ಬಿಚ್ಚಿ ಒಳಗಿನ ಫ್ಯಾಕ್ಟ್ರಿ ಗ್ರೀಸನ್ನ..."

ಚಿಕ್ಕಮ್ಮ ಸೌಟು ಹಿಡಿದು ತಿರುಗಿದರು. "ಅಲ್ಲನಾ, ದಿನಾ ಹೇಳ್ತೀಯಲ್ಲ, ನೀನು ಒರೆಸ್ದ್ಯನಾ?"

ಹೆಬ್ಬೆರಳು ನಾಲಿಗೆಯ ಹತ್ತಿರವೇ ನಿಂತಿತು. ಎರಡು ತಿಂಗಳಿಂದ ಊರಿಗೆಲ್ಲ ಸಾರಿದ ಮಾತು, ನನ್ನ ಕಿವಿಗೆ ಮಾತ್ರ ಬಿದ್ದಿರಲಿಲ್ಲ. ಕೋವಿ ಬಿಚ್ಚಿ ನೋಡಿದರೆ ಒಳಗೆ ಹಳದಿ ಗ್ರೀಸು ಮಸಿ ಸೇರಿ ಹಲಸಿನ ಮೇಣದ ಹಾಗೆ ಕಟ್ಟಿಕೊಂಡಿತ್ತು. ಚಿಕ್ಕಮ್ಮನ ಹಳೇ ಸೀರೆಯ ತುಂಡು, ಒಂದು ಲೋಟ ಸೀಮೆಎಣ್ಣೆ, ಎರಡು ಹನಿ ಎಣ್ಣೆ. ಕಾಲು ಗಂಟೆಯ ಕೆಲಸ. ಅದಾದ ಮೇಲೆ ಆ ಕೋವಿ ಒಂದೇ ಒಂದು ಸಲ ಕೆಮ್ಮಲಿಲ್ಲ. ಪೆಟ್ಟಿಗೆಯಲ್ಲಿ ಒಳ್ಳೆಯ ತೋಟೆ ಆರು ಉಳಿದಿದ್ದವು. ಕೊಯ್ಲಿಗೆ ಇನ್ನೂ ಇಪ್ಪತ್ತು ದಿನಗಳ ಮೇಲಿತ್ತು.

ಆರು ಈಡು ಹನ್ನೆರಡು ದಿನಕ್ಕಾಯಿತು. ಪ್ರತಿ ಸಲವೂ ಬಯಲಿನಿಂದ "ಕೂ" ಬಂತು, ಕಟ್ಟಕಡೆಗೆ ದೂರದಿಂದ ಗಿರಿಜಕ್ಕನ ತೆಳ್ಳನೆಯ "ಕೂಊ". ಏಳನೆಯ ಸರದಿಯ ದಿನ ಪೆಟ್ಟಿಗೆಯಲ್ಲಿ ಒಳ್ಳೆಯ ತೋಟೆ ಒಂದೂ ಇರಲಿಲ್ಲ. ಏಳು ಮನೆಗೆ ಹೋಗಿ ತೋಟೆ ಮುಗಿದಿದೆ, ಇನ್ನು ನೀವೇ ಕಾವಲು ಕೂತುಕೊಳ್ಳಿ ಅಂದರೆ ಸಾಕಿತ್ತು. ಬೈಯುತ್ತಿದ್ದರು, ಅಷ್ಟೇ. ನನಗೆ ಬೈಗುಳಕ್ಕಿಂತ ಚಿಕ್ಕಪ್ಪನ ನಾಲ್ಕನೇ ಬಗೆಯ "ಹ್ಞಂ" ಹೆಚ್ಚು ಹೆದರಿಕೆ ತರುತ್ತಿತ್ತು, ಅದು ಅವರ ಸಿಟ್ಟು. ಈಡಿನ ಬದಲು ಪಟಾಕಿ ಹೊಡೆಯೋಣವೆಂದರೆ ಅದರ ಸದ್ದು ಚಿಟ್ಟೆನ್ನುತ್ತದೆ, ಎಲ್ಲರಿಗೂ ಗುರುತು ಸಿಗುತ್ತದೆ. ಕೋವಿಯ ಸದ್ದು ಎದೆಗೆ ಬಂದು ಬೀಳಬೇಕು. ಆಗ ನನಗೆ ನನ್ನ ವಿದ್ಯೆ ನೆನಪಾಯಿತು.

ಕೋರೆಯ ಬಾಯಲ್ಲಿ ಖಾಲಿ ಡೀಸೆಲ್ ಡ್ರಮ್ಮು ಮಗುಚಿ ಹಾಕಿ ಅದರ ಮೇಲೊಂದು ಜಿಂಕ್ ಶೀಟಿನ ತುಂಡು ಇಟ್ಟೆ. ಅಗಲವಾದ ಹಲಗೆಯೊಂದನ್ನು ತಲೆಯ ಮೇಲಿಂದ ಬೀಸಿ ಬಡಿದೆ. ಮಧ್ಯಾಹ್ನವೆಲ್ಲ ಗೋಣಿ ಹಾಕಿ, ಗೋಣಿ ತೆಗೆದು, ಡ್ರಮ್ಮಿನ ಮುಖ ತಿರುಗಿಸಿ ಅಭ್ಯಾಸ. ಕೊನೆಗೆ ಕೋರೆಯ ಮೂರು ಗೋಡೆ ಸೇರಿ ಆ ಸದ್ದನ್ನು ಗುಂಡಗೆ ಮಾಡಿ ಬಯಲಿಗೆ ಉರುಳಿಸಿದವು. ಹೊತ್ತು ಮುಳುಗುವಾಗ ಒಂದೇ ಏಟು. ಕಾದೆ. ಒಂದೊಂದೇ "ಕೂ" ಬಂತು. ಆಮೇಲೆ, ಎಲ್ಲರಿಗಿಂತ ಕಡೆಗೆ, "ಕೂಊ".

ನನಗೆ ಆಗ ಆದದ್ದು ಸಂತೋಷ. ಸುಳ್ಳು ಯಾಕೆ, ಕುಣಿದೆ. ಜೀವನದಲ್ಲಿ ಅಷ್ಟು ದೊಡ್ಡ ಸಭೆ ನನ್ನ ಅನುಕರಣೆಗೆ ಒಟ್ಟಿಗೆ ತಲೆದೂಗಿದ್ದು ಅದೇ ಮೊದಲು.

ಎರಡನೆಯ ಸಲವೂ ನಡೆಯಿತು, ಮೂರನೆಯದೂ. ಹಂದಿ ಬರಲಿಲ್ಲ. ಹಿಂದಿನ ಈಡುಗಳ ಹೆದರಿಕೆ ಅವಕ್ಕೆ ಇನ್ನೂ ಉಳಿದಿತ್ತೋ ಏನೋ. ನಾನು ನನ್ನ ಕೈಚಳಕ ಅಂದುಕೊಂಡೆ. ನಾಲ್ಕನೆಯ ಸಲ ಬಡಿದ ಮರುದಿನ ಬೆಳಿಗ್ಗೆ, ಇಬ್ಬನಿ ಇನ್ನೂ ಆರಿರಲಿಲ್ಲ, ಕೆಳಗಿನಿಂದ ಯಾರೋ ಚಿಕ್ಕಮ್ಮನನ್ನು ಕೂಗಿದರು. ಇಳಿದು ಹೋದೆವು.

ಗಿರಿಜಕ್ಕನ ಗದ್ದೆ ಗದ್ದೆಯಾಗಿರಲಿಲ್ಲ. ಒಂದಿಡೀ ಹಿಂಡು ಬಂದಿತ್ತು. ತಿಂದದ್ದಕ್ಕಿಂತ ಉರುಳಾಡಿದ್ದು, ಮೂತಿಯಿಂದ ಎತ್ತಿ ಹಾಕಿದ್ದು ಜಾಸ್ತಿ. ತೆನೆಗಳನ್ನು ಅಗಿದು ಉಗುಳಿದ ಜೊಲ್ಲಿನ ಉಂಡೆಗಳು ಕೆಸರಿನಲ್ಲಿ ಬಿದ್ದಿದ್ದವು. ಅಂಚಿನಲ್ಲಿ ಒಂದು ಹಾಸಿಗೆಯಷ್ಟು ಜಾಗ ಮಾತ್ರ ನಿಂತಿತ್ತು. ಗಿರಿಜಕ್ಕ ಅಳುತ್ತಿರಲಿಲ್ಲ. ಸೀರೆ ಎತ್ತಿ ಸಿಕ್ಕಿಸಿಕೊಂಡು, ಬಿದ್ದ ತೆನೆಗಳಲ್ಲಿ ಕಾಳು ಗಟ್ಟಿಯಿದ್ದದ್ದನ್ನು ಹುಡುಕಿ ಹುಡುಕಿ ಮಡಿಲಿಗೆ ಹಾಕುತ್ತಿದ್ದರು.

"ಈಡು ಕೇಳಿತ್ತಲ್ಲ ಮಾರಾಯ್ತಿ. ನಾವೆಲ್ಲ ಕೂ ಹಾಕಿದ್ವಿ" ಅಂದರು ಮೇಲಿನ ಗದ್ದೆಯವರು.

"ಹೊಸಾ ಕೋವಿ ಅಲ್ಲನಾ, ಅದರ ಸದ್ದು ಮೆತ್ತಗೆ. ಹಂದಿ ಬಗ್ಗೋದಿಲ್ಲ. ದೇವಪ್ಪಗೌಡ್ರು ಹಳೇದನ್ನೇ ಇಟ್ಕೊಳ್ಬೇಕಿತ್ತು" ಅಂದ ಇನ್ನೊಬ್ಬ.

ಎಲ್ಲರೂ ಹೌದು ಹೌದು ಅಂದರು. ಆಗ ನಾನು ಬಾಯಿ ಬಿಡಬೇಕಿತ್ತು. ಆ ಊರಿನಲ್ಲಿ ಎಲ್ಲರ ಬಾಯೂ ನನ್ನ ಬಾಯೊಳಗಿತ್ತು, ನನ್ನದೊಂದು ಮಾತ್ರ ಸಿಗಲಿಲ್ಲ.

ಐದನೇ ದಿನ ಚಿಕ್ಕಪ್ಪ ಕಪ್ಪು ಕನ್ನಡಕ ಹಾಕಿಕೊಂಡು ಬಂದರು. ಬಸ್ಸಿಳಿದಲ್ಲಿಂದ ಮನೆಯವರೆಗೆ ಸಿಕ್ಕವರೆಲ್ಲ ಅವರ ಕೋವಿಯ ಬಗ್ಗೆ ಒಂದೊಂದು ಮಾತು ಹೇಳಿದ್ದರು. ಅವರು ಕಾಫಿ ಕುಡಿಯಲಿಲ್ಲ. ಕೋವಿಯನ್ನು ಮಡಿಲಲ್ಲಿಟ್ಟುಕೊಂಡು ಜಗಲಿಯಲ್ಲಿ ಕೂತರು. "ಭುಜ ನೋವು ಅಂತ ನನ್ನ ಸುಖಕ್ಕೆ ತಂದೆ. ಊರ ಬೆಳೆ ಹೋಯ್ತು. ನಾಳೆ ಇದನ್ನ ವಾಪಸ್ ಕೊಟ್ಟು ಬತ್ತೀನಿ" ಅಂದರು.

ಅವರು ತಮ್ಮ ತಪ್ಪೆಂದು ಹೇಳಿದ್ದನ್ನು ನನಗೆ ತಡೆಯಲಾಗಲಿಲ್ಲ. ಪೆಟ್ಟಿಗೆ ತಂದು ಅವರ ಮುಂದೆ ಮಗುಚಿದೆ. ಖಾಲಿ ತೋಟೆಗಳು ಜಗಲಿಯ ತುಂಬ ಉರುಳಿದವು. ಕೋರೆ, ನಾಟಕ, ಗ್ರೀಸು, ಡ್ರಮ್ಮು, ಎಲ್ಲ ಹೇಳಿದೆ. ಯಾರ ಧ್ವನಿಯೂ ಇಲ್ಲದೆ ಹೇಳಿದೆ, ಬಹಳ ತಡವರಿಸಿತು. ಚಿಕ್ಕಪ್ಪ ಒಂದು ಖಾಲಿ ತೋಟೆ ಎತ್ತಿ, ಹೊಸದಾಗಿ ಬೆಳಕು ಬಂದ ಕಣ್ಣಿನ ಹತ್ತಿರ ಹಿಡಿದು, ನಡುವಿನ ಗುಳಿಯನ್ನು ಉಗುರಿನಿಂದ ಮುಟ್ಟಿ ನೋಡಿದರು. ನಾಲ್ಕನೇ ಬಗೆಯದು ಬರಲಿಲ್ಲ. ಅದಕ್ಕಿಂತ ಕೆಟ್ಟದ್ದು ಬಂತು.

"ನಂಗ್ ಹೇಳಿ ಎಂತ ಮಾಡ್ಲಿ? ನಂದು ಕೋವಿ ಮರ್ಯಾದಿ ಹೋಯ್ತು, ಅಷ್ಟೇ. ಅವ್ಳಿಗೆ ಹೋಗಿ ಹೇಳು."

ನಮ್ಮ ಗದ್ದೆಯ ಮೊದಲ ಕೊಯ್ಲಿನ ಭತ್ತ ಒಂದು ಮೂಟೆ ಹೆಗಲ ಮೇಲೆ ಹೊತ್ತು ಇಳಿದೆ. ಗಿರಿಜಕ್ಕ ಅಂಗಳದಲ್ಲಿ ಚಾಪೆ ಹಾಸಿ ಹೆಕ್ಕಿ ತಂದ ಕಾಳು ಒಣಗಿಸುತ್ತಿದ್ದರು. ಎರಡು ಮೊರ ತುಂಬುವಷ್ಟೂ ಇರಲಿಲ್ಲ. ಬೀಜಕ್ಕೆ ಇಟ್ಟರೆ ಗಂಜಿಗಿಲ್ಲ, ಗಂಜಿಗೆ ಹಾಕಿದರೆ ಬೀಜಕ್ಕಿಲ್ಲ. ಮೂಟೆ ಇಳಿಸಿ ನಿಂತೇ ಹೇಳಿದೆ. ಅವರು ಕೈ ನಿಲ್ಲಿಸದೆ ಕೇಳಿದರು. ಡ್ರಮ್ಮಿನ ವಿಷಯ ಬಂದಾಗ ಒಮ್ಮೆ ತಲೆಯೆತ್ತಿ ದಿಬ್ಬದ ಕಡೆ ನೋಡಿದರು, ಮತ್ತೆ ಕಾಳಿಗೆ ಬಗ್ಗಿದರು.

ಹೇಳಿ ಮುಗಿದದ್ದೇ ನಾಲಿಗೆ ಹಳೇ ಚಾಳಿಗೆ ಬಿತ್ತು. ಒಂದು ಪೆಚ್ಚು ನಗು ಸೇರಿಸಿ ಅಂದೆ: "ಮನುಷ್ಯರೆಲ್ಲ ಕೋವಿ ಅಂತಲೇ ತಿಳ್ಕೊಂಡ್ರು ಅಕ್ಕ. ಹಂದಿ ಇಷ್ಟು ಹುಷಾರು ಅಂತ ನಂಗೊತ್ತಿರ್ಲಿಲ್ಲ."

ಗಿರಿಜಕ್ಕ ಮೊರ ಕೆಳಗಿಟ್ಟರು.

"ಹುಷಾರು ಎಂತದೂ ಅಲ್ಲ ಮಾರಾಯ. ಹಂದಿಗೆ ನಿನ್ನ ಮೇಲೆ ನಂಬಿಕೆ ಇರ್ಲಿಲ್ಲ, ಗದ್ದೆಗೆ ಬಂತು. ನಂಗಿತ್ತು, ಮಲಗಿದೆ."